ಅರಿಯದವರ ಚಿತ್ರ

ಮನುಷ್ಯನು ತನ್ನನ್ನು ತಾನು ಮರೆಯುವ ಸ್ಥಳಗಳು ನಗರದಲ್ಲಿ ಬಹಳವಿಲ್ಲ. ಕಚೇರಿಯಲ್ಲಿ ಅವನು ಅಧಿಕಾರಿ, ಬೀದಿಯಲ್ಲಿ ಸಭ್ಯ ನಾಗರಿಕ, ಮನೆಯಲ್ಲಿ ಯಜಮಾನ. ಎಲ್ಲೆಡೆಯೂ ಮುಖಕ್ಕೊಂದು ಬಿಗಿ. ಆ ಬಿಗಿ ಸಡಿಲುವುದು ಕಡಲ ದಂಡೆಯಲ್ಲಿ. ಮೊಣಕಾಲಿನವರೆಗೆ ಉಡುಪನ್ನೆತ್ತಿಕೊಂಡು ಅಲೆಗೆ ಬೆದರಿ ಓಡುವ ಹಿರಿಯರು, ಒದ್ದೆ ಮರಳಿನಲ್ಲಿ ಕುಳಿತು ಮಕ್ಕಳೊಡನೆ ಮಕ್ಕಳಾಗುವ ಗೃಹಿಣಿಯರು, ಬಾಯ್ತೆರೆದು ನಿದ್ರಿಸುವ ವ್ಯಾಪಾರಿಗಳು, ಇವರೆಲ್ಲ ಅಲ್ಲಿ ಕಾಣಸಿಗುತ್ತಾರೆ. ಕ್ಯಾಮರಾ ಹಿಡಿದವನಿಗೆ ನಗರದ ಕಡಲತೀರದಷ್ಟು ಪ್ರಿಯವಾದ ಸ್ಥಳ ಮತ್ತೊಂದಿಲ್ಲದಿರುವುದು ಇದರಿಂದಲೇ. ಅವನ ಹೊಣೆ ಅಲ್ಲಿ ಹೆಚ್ಚಾಗಿರುವುದೂ ಇದರಿಂದಲೇ.

ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದ ದಕ್ಷಿಣದ ಅಂಚಿನಲ್ಲಿ ಕೋನಿ ಐಲೆಂಡ್ ಎಂಬ ಮರಳ ದಂಡೆಯಿದೆ. ಹೆಸರಿಗೆ ದ್ವೀಪ, ಈಗ ಅದು ನೆಲದೊಡನೆ ಕೂಡಿಕೊಂಡಿದೆ. 1920ರ ಹೊತ್ತಿಗೆ ನಗರದ ರೈಲಿನಲ್ಲಿ ಐದು ಸೆಂಟಿನ ಒಂದೇ ನಾಣ್ಯ ಕೊಟ್ಟು ಅಲ್ಲಿಗೆ ಹೋಗುವ ಅನುಕೂಲವಾಯಿತು. ಆ ದರ 1948ರವರೆಗೆ ಹಾಗೆಯೇ ಉಳಿಯಿತು. ಗಾಳಿಯಾಡದ ಬಾಡಿಗೆಯ ಕೋಣೆಗಳಲ್ಲಿ ಬೇಯುತ್ತಿದ್ದ ಸಂಸಾರಗಳಿಗೆ ಬೇಸಗೆಯಲ್ಲಿ ಅದೊಂದು ದೊಡ್ಡ ಆಸರೆ. ರಜೆಯ ದಿನಗಳಲ್ಲಿ ಮರಳೇ ಕಾಣದಷ್ಟು ಜನ ಅಲ್ಲಿ ನೆರೆಯುತ್ತಿದ್ದರು.

1940ರ ಜುಲೈ ತಿಂಗಳ ಒಂದು ಸುಡುಬಿಸಿಲಿನ ದಿನ ಆ ಜನಸಾಗರದ ಮುಂದೆ ಬಂದು ನಿಂತವನು ವೀಜೀ. ಆರ್ಥರ್ ಫೆಲಿಗ್ ಎಂಬ ಹೆಸರಿನ ಈತ 1899ರಲ್ಲಿ ಪೂರ್ವ ಯೂರೋಪಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಮೆರಿಕಕ್ಕೆ ಬಂದವನು. ರಾತ್ರಿಯೆಲ್ಲ ಸುತ್ತಿ ಕೊಲೆ, ಬೆಂಕಿ, ಅಪಘಾತಗಳ ಚಿತ್ರ ತೆಗೆದು ಪತ್ರಿಕೆಗಳಿಗೆ ಮಾರುತ್ತಿದ್ದವನು. ಅಂದು ಆತ ಎತ್ತರದಲ್ಲಿ ನಿಂತು, ಕೂಗಿ, ಕುಣಿದು ಜನರ ಗಮನವನ್ನು ತನ್ನತ್ತ ಸೆಳೆದನೆಂದು ಪ್ರತೀತಿ. ಲೆಕ್ಕವಿಲ್ಲದಷ್ಟು ಮುಖಗಳು ಒಮ್ಮೆಲೇ ಅವನತ್ತ ತಿರುಗಿದವು. ಆ ಚಿತ್ರ ಅಂದಿನ 'ಪಿಎಂ' ದಿನಪತ್ರಿಕೆಯಲ್ಲಿ ಅಚ್ಚಾಯಿತು. 1945ರಲ್ಲಿ ಹೊರಬಂದ ಅವನ 'ನೇಕೆಡ್ ಸಿಟಿ' ಗ್ರಂಥದಲ್ಲಿಯೂ ಸೇರಿತು. ಅದರಲ್ಲಿರುವವರಿಗೆ ತಮ್ಮ ಚಿತ್ರ ತೆಗೆಯಲಾಗುತ್ತಿದೆಯೆಂಬುದು ತಿಳಿದಿತ್ತು. ಆದರೂ ಅಲ್ಲಿ ಕೃತಕತೆಯ ಸುಳಿವಿಲ್ಲ. ಕೈ ಬೀಸುವವನು ಮನಸಾರೆ ಕೈ ಬೀಸುತ್ತಾನೆ, ನಗುವವಳು ಮನಸಾರೆ ನಗುತ್ತಾಳೆ.

ಅದೇ ವೀಜೀ ಅದೇ ದಂಡೆಗೆ ರಾತ್ರಿಯ ಹೊತ್ತಿನಲ್ಲಿಯೂ ಹೋದ. ಇಕ್ಕಟ್ಟಿನ ಮನೆಗಳಲ್ಲಿ ದೊರೆಯದ ಏಕಾಂತವನ್ನು ಅರಸಿ ಬಂದ ಪ್ರೇಮಿಗಳು ಕತ್ತಲೆಯನ್ನು ನಂಬಿ ಮರಳಿನ ಮೇಲೆ ಕುಳಿತಿರುತ್ತಿದ್ದರು. ಆತನ ಕ್ಯಾಮರಾದಲ್ಲಿ ಅವಕೆಂಪು ಕಿರಣಗಳನ್ನು ಗ್ರಹಿಸುವ ಫಿಲ್ಮಿತ್ತು. ಆ ಕಿರಣಗಳು ಮನುಷ್ಯನ ಕಣ್ಣಿಗೆ ಗೋಚರಿಸುವುದಿಲ್ಲ. ಅವುಗಳನ್ನು ಮಾತ್ರ ಹೊರಬಿಡುವ ಬಲ್ಬು ಹೊತ್ತಿ ಆರಿದರೂ ಎದುರಿಗಿದ್ದವರಿಗೆ ತಿಳಿಯುವುದು ಕಷ್ಟ. ಹೀಗೆ ದೊರೆತ ಚಿತ್ರಗಳಲ್ಲಿ ಒಂದು ಬಗೆಯ ಕಾವ್ಯವಿದೆಯೆಂದು ವಿಮರ್ಶಕರು ಮೆಚ್ಚುವುದುಂಟು. ಇರಬಹುದು. ಆದರೆ ಆ ಕಾವ್ಯದ ಬೆಲೆಯನ್ನು ತೆತ್ತವರು ಯಾರು? ಹಗಲಿನ ಜನ ತಮ್ಮ ನಗೆಯನ್ನು ತಾವೇ ಕೊಟ್ಟರು. ಇರುಳಿನ ಜೋಡಿಗಳಿಂದ ಅದನ್ನು ಕೇಳದೆ ತೆಗೆದುಕೊಳ್ಳಲಾಯಿತು. ಒಬ್ಬನೇ ಮನುಷ್ಯ, ಒಂದೇ ಮರಳು. ಆದರೂ ಎರಡು ಕೆಲಸಗಳ ನಡುವೆ ಬಹಳ ಅಂತರವಿದೆ.

ಅರಿವಿಲ್ಲದವರ ಚಿತ್ರವೊಂದೇ ಸಹಜವಾದುದೆಂಬ ನಂಬಿಕೆ ಹವ್ಯಾಸಿಗಳಲ್ಲಿ ಬಲವಾಗಿದೆ. ಅದು ಪೂರ್ಣ ಸತ್ಯವಲ್ಲ. ಇದೇ ಕೋನಿ ಐಲೆಂಡಿನಲ್ಲಿ, ಹೆಚ್ಚುಕಡಮೆ ಅದೇ ವರ್ಷಗಳಲ್ಲಿ, ಲಿಸೆಟ್ ಮಾಡೆಲ್ ಎಂಬಾಕೆ ಕಪ್ಪು ಈಜುಡುಗೆ ತೊಟ್ಟ ಸ್ಥೂಲಕಾಯದ ಮಹಿಳೆಯೊಬ್ಬಳ ಚಿತ್ರಗಳನ್ನು ತೆಗೆದಳು. ಮೊಣಕಾಲುಗಳ ಮೇಲೆ ಕೈಯೂರಿ, ತೆರೆಗಳಿಗೆ ಬೆನ್ನುಮಾಡಿ, ಕ್ಯಾಮರಾವನ್ನು ನೇರವಾಗಿ ನೋಡುತ್ತ ಆಕೆ ನಗುತ್ತಾಳೆ. ದೇಹದ ಬಗೆಗೆ ನಾಚಿಕೆಯಿಲ್ಲ, ಲೋಕದ ಬಗೆಗೆ ಅಂಜಿಕೆಯಿಲ್ಲ. ಅದೇ ಮಹಿಳೆಯನ್ನು ಹಿಂದಿನಿಂದ, ಅವಳಿಗೆ ತಿಳಿಯದಂತೆ ತೆಗೆದಿದ್ದರೆ ಆ ಚಿತ್ರ ಪ್ರಾಯಶಃ ಕುಚೋದ್ಯವಾಗುತ್ತಿತ್ತು.

ಕಾನೂನು ಈ ವಿಷಯದಲ್ಲಿ ನಿಧಾನವಾಗಿಯೇ ನಡೆದಿದೆ. ಹಿಟ್ಟಿನ ಜಾಹೀರಾತಿಗೆ ಅನುಮತಿಯಿಲ್ಲದೆ ತನ್ನ ಭಾವಚಿತ್ರ ಬಳಸಿದರೆಂದು ದೂರಿದ ಯುವತಿಯೊಬ್ಬಳಿಗೆ ನ್ಯೂಯಾರ್ಕ್ ರಾಜ್ಯದ ಉನ್ನತ ನ್ಯಾಯಾಲಯ 1902ರಲ್ಲಿ ಪರಿಹಾರ ಕೊಡಲಿಲ್ಲ. ಜನರ ಅಸಮಾಧಾನದ ಫಲವಾಗಿ, ವ್ಯಾಪಾರಕ್ಕೂ ಜಾಹೀರಾತಿಗೂ ಚಿತ್ರ ಬಳಸಲು ಲಿಖಿತ ಒಪ್ಪಿಗೆ ಬೇಕೆಂಬ ಶಾಸನ ಮರುವರ್ಷವೇ ಬಂದಿತು. ಭಾರತದಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ ಸಾರಿದ್ದು 2017ರಲ್ಲಿ. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಸಾರ್ವಜನಿಕ ಸ್ಥಳದಲ್ಲಿ ನಿಂತ ಮಾತ್ರಕ್ಕೆ ಮನುಷ್ಯನು ತನ್ನ ಖಾಸಗಿತನವನ್ನು ಕಳೆದುಕೊಳ್ಳುವುದಿಲ್ಲವೆಂಬ ಮಾತು ಆ ತೀರ್ಪಿನಲ್ಲಿದೆ. ಕಡಲ ದಂಡೆಗೆ ಇದಕ್ಕಿಂತ ಒಪ್ಪುವ ಮಾತು ಬೇರೆ ಬೇಕಿಲ್ಲ.

ಹಾಗಾದರೆ ರಜೆಯ ದಿನ ಕ್ಯಾಮರಾ ಹಿಡಿದು ಹೊರಟವನು ಬರಿಗೈಯಲ್ಲಿ ಮರಳಬೇಕೆ? ಖಂಡಿತ ಬೇಡ. ನಡುಹಗಲಿನ ಬಿಸಿಲು ಕಣ್ಣುಗಳ ಕೆಳಗೆ ಕಪ್ಪು ನೆರಳು ಬೀಳಿಸುತ್ತದೆ. ಬೆಳಗಿನ ಅಥವಾ ಸಂಜೆಯ ಓರೆಬಿಸಿಲು ಮುಖಗಳಿಗೆ ಹಿತ. ಅಲ್ಲಲ್ಲಿ ಅಲೆದಾಡುವುದಕ್ಕಿಂತ ಒಂದೆಡೆ ಅರ್ಧ ಗಂಟೆ ನಿಲ್ಲುವುದು ಮೇಲು. ಜನ ಮೊದಲು ಕ್ಯಾಮರಾವನ್ನು ನೋಡುತ್ತಾರೆ, ಒಂದೆರಡು ಬಾರಿ ಸೆರಗು ಸರಿಪಡಿಸಿಕೊಳ್ಳುತ್ತಾರೆ, ಬಳಿಕ ತಮ್ಮ ಪಾಡಿಗೆ ತಾವು ಆಟಕ್ಕೆ ತೊಡಗುತ್ತಾರೆ. ಅಡಗಿದವನು ಕದಿಯಬೇಕೆಂದಿರುವ ಸಹಜತೆ ಇವನಿಗೆ ತಾನಾಗಿ ಒದಗುತ್ತದೆ. ಯಾರಾದರೂ ಬೇಡವೆಂದು ಕೈಯಾಡಿಸಿದರೆ ಅಲ್ಲಿಗೆ ಮುಗಿಯಿತು. ಮಕ್ಕಳಾದರೆ ತಾಯಿತಂದೆಯರನ್ನು ಕೇಳುವುದು ಅಗತ್ಯ. ತೆಗೆದ ಚಿತ್ರವನ್ನು ಅವರಿಗೆ ತೋರಿಸುವುದು ಸೌಜನ್ಯ.

ಇಂದು ಕ್ಯಾಮರಾ ಪ್ರತಿಯೊಬ್ಬರ ಜೇಬಿನ ಮೊಬೈಲಿನಲ್ಲಿದೆ. ತೆಗೆದ ಚಿತ್ರ ಕ್ಷಣಮಾತ್ರದಲ್ಲಿ ಲೋಕವನ್ನೆಲ್ಲ ಸುತ್ತಿ ಬರುತ್ತದೆ. ಆದ್ದರಿಂದ ಅಂದಿಗಿಂತ ಇಂದು ಈ ವಿವೇಕ ಹೆಚ್ಚು ಬೇಕಾಗಿದೆ. ಅದಕ್ಕಾಗಿ ವೀಜೀಯಂತೆ ಕೂಗಿ ಕುಣಿಯಬೇಕಾಗಿಲ್ಲ. ಎದುರಿನವರಿಗೆ ಕಾಣುವಂತೆ ನಿಂತರೆ ಸಾಕು.