ಒಂಟಿ ತಾಯಿಯೂ ಪಡಿತರ ಚೀಟಿಯೂ

ಮಾನ್ವಿ ಸೀಮೆಯ ಕುರ್ಡಿಯಂತಹ ಗ್ರಾಮಗಳಲ್ಲಿ ಏಕಾಂಗಿಯಾಗಿ ಮಕ್ಕಳನ್ನು ಸಲಹುವ ತಾಯಂದಿರು ಎರಡು ತೆರ. ಪತಿಯನ್ನು ಕಳೆದುಕೊಂಡವರು ಒಂದು. ಗುಳೆ ಹೋದ ಪತಿ ಮರಳಿ ಬಾರದೆ ಉಳಿದವರು ಇನ್ನೊಂದು. ಮೊದಲಿನವರನ್ನು ಸರಕಾರವು ಬಲ್ಲದು. ವಿಧವಾ ವೇತನವೆಂದು ತಿಂಗಳಿಗೆ 800 ರೂಪಾಯಿ ಸಲ್ಲುತ್ತದೆ. ಎರಡನೆಯವರು ವಿಧವೆಯರೂ ಅಲ್ಲ, ವಿಚ್ಛೇದಿತೆಯರೂ ಅಲ್ಲ. ವಿಚ್ಛೇದನ ಪಡೆದರೂ ಮನಸ್ವಿನಿ ಯೋಜನೆಯ ಮಾಸಾಶನಕ್ಕೆ 40 ವರ್ಷ ತುಂಬಿರಬೇಕು. ಮಕ್ಕಳು ಹಸಿದು ಅಳುವುದು ತಾಯಿಗೆ ಇಪ್ಪತ್ತೈದು ಇರುವಾಗಲ್ಲವೇ!

2023ರ ಆಗಸ್ಟ್ ತಿಂಗಳಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯು ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುತ್ತದೆ. ಇದನ್ನು ನಾವು ಮನಸಾರೆ ಮೆಚ್ಚಿದ್ದೇವೆ. 1945ರಲ್ಲಿ ಬ್ರಿಟನ್ನಿನ ಸಂಸದೆ ಎಲೀನರ್ ರಾಥ್‌ಬೋನ್ ಅವರು ಮಕ್ಕಳ ಭತ್ಯೆಯು ತಂದೆಗಲ್ಲ, ತಾಯಿಯ ಕೈಗೇ ಸೇರಬೇಕೆಂದು ಹಟ ಹಿಡಿದು ಸಾಧಿಸಿದರು. ಆದರೆ ನಮ್ಮಲ್ಲಿ ಯಜಮಾನಿ ಯಾರು? 2013ರ ಆಹಾರ ಭದ್ರತಾ ಕಾಯ್ದೆಯು ಪಡಿತರ ಚೀಟಿಗೆ ಮನೆಯ ಹಿರಿಯ ಹೆಣ್ಣುಮಗಳನ್ನೇ ಯಜಮಾನಿಯೆಂದು ಎಣಿಸುತ್ತದೆ. ಗಂಡ ಬಿಟ್ಟುಹೋದ ಸೊಸೆ ಅತ್ತೆಯ ಚೀಟಿಯಲ್ಲಿ ಒಂದು ಹೆಸರು ಮಾತ್ರ. ತವರಿಗೆ ಬಂದರೆ ಅಲ್ಲಿ ತಾಯಿಯೋ ಅತ್ತಿಗೆಯೋ ಯಜಮಾನಿ. ಹಣವೇನೋ ಮನೆಗೆ ಬಂದಿತು. ಆ ಮಗುವಿನ ಹಾಲಿಗೆ ಒದಗುವುದು ಇನ್ನೊಬ್ಬರ ಮನಸ್ಸಿನ ಮೇಲೆ ನಿಂತಿತು.

ಸ್ವೀಡನ್ ದೇಶದಲ್ಲಿ ನೆರವು ಮಗುವನ್ನು ಹಿಂಬಾಲಿಸುತ್ತದೆ. ಬೇರೆಯಾದ ತಂದೆ ಜೀವನಾಂಶ ಕೊಡದಿದ್ದರೆ ಸರಕಾರವೇ ಗೊತ್ತುಪಡಿಸಿದ ಮೊತ್ತವನ್ನು ಕೊಟ್ಟು, ಆಮೇಲೆ ಅವನಿಂದ ವಸೂಲು ಮಾಡುತ್ತದೆ. ಅಮೆರಿಕವೂ ಸಿರಿವಂತ ದೇಶವೇ. ಆದರೆ 1996ರ ಕಾನೂನು ಬಡ ತಾಯಂದಿರ ನಗದು ನೆರವಿಗೆ ದುಡಿಮೆಯ ಷರತ್ತನ್ನೂ ಐದು ವರ್ಷಗಳ ಮಿತಿಯನ್ನೂ ಹಾಕಿತು. ಒಂಟಿ ತಾಯಂದಿರ ಮನೆಗಳಲ್ಲಿ ಬಡತನ ಸ್ವೀಡನ್ನಿಗಿಂತ ಅಲ್ಲಿ ಹೆಚ್ಚು.

ನಮ್ಮಲ್ಲಿ ಜೀವನಾಂಶಕ್ಕಾಗಿ ತಾಯಿಯೇ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ಗುಳೆ ಹೋದವನ ವಿಳಾಸವನ್ನೂ ಅವಳೇ ಹುಡುಕಬೇಕು. ಹತ್ತಿ ಬಿಡಿಸುವ ಕೂಲಿಯನ್ನು ಬಿಟ್ಟು ಕಚೇರಿಗೆ ಅಲೆದ ದಿನ ಅವಳ ಒಲೆ ಉರಿಯುವುದೆಂತು?

ಓದುಗ ಬಂಧುಗಳಲ್ಲಿ, ವಿಶೇಷವಾಗಿ ಅತ್ತೆಯಂದಿರಲ್ಲಿ, ನಮ್ಮದೊಂದು ವಿನಂತಿ. ಇಂತಹ ಸೊಸೆ ಬೇರೆ ಚೀಟಿ ಮಾಡಿಸಬೇಕೆಂದಾಗ ಮನೆ ಒಡೆಯಲು ಬಂದವಳೆಂದು ಜರಿಯಬೇಡಿರಿ. ಮನೆಯ ಹಿರಿಯರೊಬ್ಬರು ತಾಲೂಕು ಕಚೇರಿಯವರೆಗೆ ಅವಳ ಜೊತೆಗೆ ಹೋಗಿ, ನಮ್ಮ ಒಪ್ಪಿಗೆಯುಂಟೆಂದು ಹೇಳಿ ಬರಲಿ. ಅದು ಆಗುವವರೆಗೆ, ಬಂದ ಎರಡು ಸಾವಿರದಲ್ಲಿ ಮೊಮ್ಮಗುವಿನ ಪಾಲನ್ನು ಅವಳು ಕೇಳುವ ಮೊದಲೇ ಎತ್ತಿಡಿರಿ.