ಮ್ಯಾಥ್ಯೂ ಪ್ರಯರ್: ಅಧಿಕಾರ, ಬಂಧನ ಮತ್ತು ಕಾವ್ಯ

ಮ್ಯಾಥ್ಯೂ ಪ್ರಯರ್‌ನನ್ನು (1664–1721) ಲಘುಧಾಟಿಯ ಕವಿಯೆಂದು ಗುರುತಿಸಿ, ಅವನ ರಾಜಕೀಯ ಜೀವನವನ್ನು ಅಡಿಟಿಪ್ಪಣಿಗೆ ಸರಿಸುವ ಕ್ರಮ ಸಾಹಿತ್ಯ ಚರಿತ್ರೆಯಲ್ಲಿದೆ. ಈ ವಿಂಗಡಣೆ ಮರುಪರಿಶೀಲನೆಗೆ ಅರ್ಹವಾಗಿದೆ.

ಬಡಗಿಯ ಮಗನಾದ ಪ್ರಯರ್ ಬಂಧುವಿನ ಮದ್ಯದಂಗಡಿಯಲ್ಲಿದ್ದಾಗ ಹೊರೇಸ್‌ನ ಕಾವ್ಯವನ್ನು ಓದುತ್ತಿದ್ದುದನ್ನು ಕಂಡು ಡಾರ್ಸೆಟ್‌ನ ಅರ್ಲ್ ಅವನ ಶಿಕ್ಷಣಕ್ಕೆ ನೆರವಾದನೆಂದು ಪ್ರತೀತಿ. ಆ ಆಶ್ರಯವೇ ಮುಂದೆ ರಾಜತಂತ್ರದ ಬಾಗಿಲನ್ನೂ ತೆರೆಯಿತು. 1697ರ ರಿಸ್ವಿಕ್ ಸಂಧಾನದಲ್ಲಿ ಅವನು ಕಾರ್ಯದರ್ಶಿಯಾಗಿದ್ದನು. 1701ರಲ್ಲಿ ಸಂಸತ್ತನ್ನು ಪ್ರವೇಶಿಸಿದನು. ಅದೇ ವರ್ಷ, ತಾನೇ ದುಡಿದಿದ್ದ ವಿಭಜನಾ ಒಪ್ಪಂದಕ್ಕಾಗಿ ಹಳೆಯ ಗೆಳೆಯ ಚಾರ್ಲ್ಸ್ ಮಾಂಟೆಗು ಮೊದಲಾದವರ ಮೇಲೆ ಬಂದ ದೋಷಾರೋಪಣೆಯ ಪರವಾಗಿ ಮತ ನೀಡಿದನು.

1713ರ ಯುಟ್ರೆಕ್ಟ್ ಒಪ್ಪಂದ ‘ಮ್ಯಾಟ್‌ನ ಶಾಂತಿ’ ಎಂದೇ ಹೆಸರಾಯಿತು. 1714ರಲ್ಲಿ ರಾಣಿ ಆನ್ ತೀರಿಕೊಂಡು ವಿಗ್ ಪಕ್ಷ ಅಧಿಕಾರಕ್ಕೆ ಬಂದೊಡನೆ ಆ ಸಾಧನೆಯೇ ಅಪರಾಧವೆನಿಸಿತು. 1715ರಲ್ಲಿ ಬಂಧಿತನಾದ ಪ್ರಯರ್ ಬಿಡುಗಡೆಯಾದದ್ದು 1717ರಲ್ಲಿ. ‘ಆಲ್ಮಾ’ ಆ ಸೆರೆವಾಸದ ಕೃತಿ.

ಪದವಿ ಕಳೆದುಕೊಂಡವನಿಗೆ ಜೀವನಾಧಾರವಾದದ್ದು ಕಾವ್ಯ. 1718ರ ಮುದ್ರಣವರ್ಷ ಹೊತ್ತ ಸಂಪುಟಕ್ಕೆ ಮುಂಗಡ ಚಂದಾದಿಂದ ಸುಮಾರು 4000 ಗಿನಿ ಸಂಗ್ರಹವಾಯಿತು. ಇದನ್ನು ಓದುಗರ ಸ್ವತಂತ್ರ ಮನ್ನಣೆಯೆಂದಷ್ಟೇ ಭಾವಿಸಲಾಗದು. ಚಂದಾ ಸಂಗ್ರಹದ ಹಿಂದೆ ನಿಂತವರು ಅವನ ರಾಜಕೀಯ ಮಿತ್ರರು. ಆಶ್ರಯ ಅಳಿಯಲಿಲ್ಲ, ರೂಪಾಂತರಗೊಂಡಿತು.

ಆದ್ದರಿಂದ 1701ರ ಮತವನ್ನು ಮರೆಮಾಚಿ ಕವಿಯನ್ನು ಉಳಿಸುವುದೂ, ಆ ಮತವೊಂದರಿಂದಲೇ ಕಾವ್ಯವನ್ನು ತಳ್ಳಿಹಾಕುವುದೂ ವಿಮರ್ಶೆಯಾಗಲಾರದು. ಅಧಿಕಾರದ ಚಂಚಲತೆಯನ್ನು ಸ್ವತಃ ಅನುಭವಿಸಿದವನ ಲಘುತ್ವಕ್ಕೆ ತನ್ನದೇ ಆದ ತೂಕವಿದೆ. ಅದನ್ನು ಅಳೆಯಬೇಕಾದರೆ ಅಡಿಟಿಪ್ಪಣಿ ಮತ್ತೆ ಪಠ್ಯದೊಳಗೆ ಬರಬೇಕು.