ಗೋಡೆ ಮ್ಯಾಲಿನ ಗೆರೆ ನಂಬಬ್ಯಾಡ್ರಿ

"2005ರಾಗ ಬರಲಾರದ ನೀರು ಈಗೇನ್ ಬರ್ತೈತಿ ಬಿಡ್ರಿ!"

ಕೃಷ್ಣಾ ದಂಡೆಯ ನಮ್ಮ ಕಡೆ ಈ ಮಾತು ಕೇಳದವರಿಲ್ಲ. ಹೊಳೆಗಿಂತ ಈ ಮಾತಿಗೇ ನನಗೆ ಹೆಚ್ಚು ಹೆದರಿಕೆ.

ಲೆಕ್ಕ ನೋಡಿ. ಸಾಂಗ್ಲಿಯ ಇರ್ವಿನ್ ಸೇತುವೆಯಲ್ಲಿ 40 ಅಡಿ ಎಚ್ಚರಿಕೆ ಮಟ್ಟ, 45 ಅಪಾಯದ ಮಟ್ಟ. 2005ರಲ್ಲಿ ನೀರು ಅಲ್ಲಿ 53 ಅಡಿ ದಾಟಿತ್ತು. ಅದೇ ಕಡೆಯ ಗೆರೆ ಅಂದುಕೊಂಡೆವು. 2019ರ ಆಗಸ್ಟಿನಲ್ಲಿ 57 ದಾಟಿತು. ಆ ನೀರು ರಾಜಾಪುರ ಬ್ಯಾರೇಜ್ ಇಳಿದು ಬರುವುದು ನಮ್ಮ ಜುಗೂಳ, ಮಂಗಾವತಿ, ಶಹಾಪುರದ ಕಡೆಗೇ. 2021ರ ಜುಲೈನಲ್ಲಿ ಮತ್ತೆ ಮಹಾಪೂರ.

ಮೊದಲು ಸಿಕ್ಕ ಅಂಕಿಗೇ ಮನಸ್ಸು ಗೂಟ ಬಡಿದುಕೊಂಡು ಸುತ್ತುತ್ತದೆ ಎಂದು ಟ್ವೆರ್ಸ್ಕಿ ಮತ್ತು ಕಾನೆಮನ್ 1974ರಲ್ಲೇ ಬರೆದಿಟ್ಟಿದ್ದಾರೆ. ಇನ್ನೊಂದು ರೋಗ ರೂಢಿಯದು. ಕಲ್ಲೋಳ-ಯಡೂರ ಸೇತುವೆ ಮಳೆಗಾಲದಲ್ಲಿ ಮುಳುಗುತ್ತಲೇ ಇರುತ್ತದೆ, ಮುಳುಗಿತು ಅಂದರೆ ಈಗ ಯಾರೂ ತಲೆ ಎತ್ತುವುದಿಲ್ಲ. ಮೂರನೆಯದು "ನೂರು ವರ್ಷಕ್ಕೊಮ್ಮೆ" ಅನ್ನುವ ಭ್ರಮೆ. ಅದರ ಅರ್ಥ ಇನ್ನು ತೊಂಬತ್ತೊಂಬತ್ತು ವರ್ಷ ನಿದ್ದೆ ಮಾಡಿ ಅಂತಲ್ಲ. ಪ್ರತಿ ವರ್ಷವೂ ನೂರಕ್ಕೆ ಒಂದು ಪಾಲು ಸಾಧ್ಯತೆ. ಮೂವತ್ತು ವರ್ಷದಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ನೂರಕ್ಕೆ ಇಪ್ಪತ್ತಾರು!

ಇಷ್ಟು ಹೇಳಿದ ಕೂಡಲೇ "ಹಳ್ಳಿ ಮಂದಿ ಮೊಂಡರು" ಅಂತ ಷರಾ ಬರೆಯುವವರಿದ್ದಾರೆ. ಹೊಳೆ ತುಸು ದೂರವಿರುವ ಶೇಡಬಾಳದಲ್ಲಿ ಕೂತು ಹಾಗೆ ಅನ್ನುವುದು ಸುಲಭ. ಎಮ್ಮೆ ಬಿಟ್ಟು ಬರಲಾರೆ ಅನ್ನುವುದು ಭ್ರಮೆ ಅಲ್ಲ ಸ್ವಾಮಿ, ಹೊಟ್ಟೆಪಾಡಿನ ಲೆಕ್ಕ. ಮೇವು ನೀರಿಲ್ಲದ ಕಡೆ ಕರೆದರೆ ಯಾರು ಬಂದಾರು? ಆದರೆ ತಡಮಾಡಿದರೆ ದೋಣಿಯೊಂದೇ ಗತಿ. 2019ರ ಆಗಸ್ಟ್ 8ರಂದು ಸಾಂಗ್ಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ಮಂದಿ ತುಂಬಿದ ದೋಣಿ ಮಗುಚಿ ಎಷ್ಟೋ ಜೀವ ಹೋದವು.

ಅದಕ್ಕೇ ನನ್ನ ವಾದ: ನೀರು ಬಂದಾಗ ಯೋಚಿಸಬೇಡಿ, ಆಗ ತಲೆ ಓಡುವುದಿಲ್ಲ. ಮೇ ತಿಂಗಳಲ್ಲೇ ಊರ ಕಟ್ಟೆಯಲ್ಲಿ ಕೂತು ತೀರ್ಮಾನಿಸಿ. ಸಾಂಗ್ಲಿಯಲ್ಲಿ 40 ಮುಟ್ಟಿದರೆ ದನ, 45 ಮುಟ್ಟಿದರೆ ಮಂದಿ. ಮೇವು ಎಲ್ಲಿ, ಟ್ರ್ಯಾಕ್ಟರ್ ಯಾರದು, ಬಾಣಂತಿಯರನ್ನು ಯಾರು ಕರೆದೊಯ್ಯಬೇಕು ಎಲ್ಲ ಅವತ್ತೇ ಬರೆದಿಡಿ. ಅಡಿಯ ಅಂಕಿ ಬೇರೆ ಇರಲಿ, ಊರಿಗೊಂದಿರಲಿ, ತಕರಾರಿಲ್ಲ. ಅದು ನೀರಿಗಿಂತ ಮೊದಲು ಗೋಡೆ ಮೇಲಿರಲಿ, ಅಷ್ಟೇ.

ಏನಂತೀರಿ?